ಗೋಡೆ ಕಟ್ಟುವುದು ಯಾರ ಹಕ್ಕು?

ಬೆಂಗಳೂರಿನ ಕಚೇರಿ ಕ್ಯಾಂಟೀನುಗಳಲ್ಲಿ, ಹುಡುಗರ ಬಾಡಿಗೆ ಮನೆಗಳಲ್ಲಿ, ಕೊಚ್ಚಿಗೆ ಹೊರಟ ರಾತ್ರಿ ಬಸ್ಸುಗಳಲ್ಲಿ ಇವತ್ತಿಗೂ ಇತ್ಯರ್ಥವಾಗದ ಒಂದು ವ್ಯಾಜ್ಯವಿದೆ. 2023ರ ಮಾರ್ಚ್ 3ರ ರಾತ್ರಿ ಕಂಠೀರವ ಕ್ರೀಡಾಂಗಣದಲ್ಲಿ ಸುನಿಲ್ ಛೆಟ್ರಿ ಹೊಡೆದದ್ದು ಗೋಲು ಹೌದೋ ಅಲ್ಲವೋ? ಬೆಂಗಳೂರು ಎಫ್‌ಸಿಯ ನೀಲಿ ಅಂಗಿಯವರನ್ನು ಕೇಳಿದರೆ ‘ಮೊದಲು ರೂಲ್ಸ್ ಓದ್ಕೊಂಡು ಬನ್ನಿ ಸ್ವಾಮಿ’ ಎನ್ನುತ್ತಾರೆ. ಕೇರಳ ಬ್ಲಾಸ್ಟರ್ಸ್‌ನ ಹಳದಿ ಅಂಗಿಯವರನ್ನು ಕೇಳಿದರೆ ‘ಗೋಲ್‌ಕೀಪರ್ ಇನ್ನೂ ಗೋಡೆ ನಿಲ್ಲಿಸ್ತಿದ್ದಾನೆ, ಆಗ ಹೊಡೆಯೋದು ಯಾವ ಸೀಮೆ ಆಟ?’ ಎಂದು ತಿರುಗಿ ಕೇಳುತ್ತಾರೆ. ಇಬ್ಬರೂ ಒಂದೇ ವಿಡಿಯೊ ತೋರಿಸುತ್ತಾರೆ. ಇಬ್ಬರಿಗೂ ಅದರಲ್ಲಿ ತಮ್ಮ ಸಾಕ್ಷಿಯೇ ಕಾಣುತ್ತದೆ.

ನಾನು ಬೆಂಗಳೂರಿನ ಕಡೆಯವನು. ಮುಂದೆ ಬರೆಯುವುದನ್ನು ಓದುಗರು ಆ ತೂಕ ಕಳೆದು ನೋಡಿಕೊಳ್ಳಲಿ ಎಂದು ಮೊದಲೇ ಹೇಳಿಬಿಡುತ್ತೇನೆ.

ಮರೆತವರಿಗಾಗಿ ನಡೆದದ್ದಿಷ್ಟು. ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) 2022–23ರ ಅಂಕಪಟ್ಟಿಯಲ್ಲಿ ಬೆಂಗಳೂರು ನಾಲ್ಕನೆಯ ಸ್ಥಾನ, ಕೇರಳ ಐದನೆಯ ಸ್ಥಾನ ಪಡೆದವು. ಆ ವರ್ಷದಿಂದ ಪ್ಲೇಆಫ್‌ಗೆ ಆರು ತಂಡಗಳನ್ನು ತೆಗೆದುಕೊಳ್ಳುವ ಹೊಸ ಪದ್ಧತಿ ಬಂದಿತ್ತು. ಮೊದಲೆರಡು ತಂಡ ನೇರ ಸೆಮಿಫೈನಲ್‌ಗೆ, ಉಳಿದ ನಾಲ್ಕರ ನಡುವೆ ಒಂದೊಂದೇ ಪಂದ್ಯ, ಅದೂ ಪಟ್ಟಿಯಲ್ಲಿ ಮೇಲಿರುವವರ ಅಂಗಳದಲ್ಲಿ. ಗೆದ್ದವರು ಮುಂದಕ್ಕೆ, ಸೋತವರು ಮನೆಗೆ. ತೊಂಬತ್ತು ನಿಮಿಷ ಎರಡೂ ಕಡೆ ಗೋಲಿಲ್ಲ. ಹೆಚ್ಚುವರಿ ಆಟ ಶುರುವಾಗಿ ಕೆಲವೇ ನಿಮಿಷಕ್ಕೆ, ಪೆನಾಲ್ಟಿ ಆವರಣದ ಹೊರಗೆ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳದ ಗೋಲ್‌ಕೀಪರ್ ಪ್ರಭ್‌ಸುಖನ್ ಗಿಲ್ ಗೋಡೆ ಸರಿಪಡಿಸುತ್ತಿದ್ದರು. ಛೆಟ್ರಿ ಸದ್ದಿಲ್ಲದೆ ಚೆಂಡನ್ನು ಖಾಲಿ ಬಲೆಗೆ ಎತ್ತಿಬಿಟ್ಟರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಎಂದರು. ಕೇರಳದ ಆಟಗಾರರು ರೆಫರಿಯನ್ನು ಮುತ್ತಿಕೊಂಡರು. ಕೋಚ್ ಇವಾನ್ ವುಕೊಮಾನೊವಿಚ್ ಮೈದಾನದ ಅಂಚಿಗೆ ಬಂದು ತಮ್ಮ ಹುಡುಗರನ್ನೆಲ್ಲ ಒಳಗೆ ಕರೆದುಕೊಂಡು ಹೋದರು. ಅವರು ತಿರುಗಿ ಬರಲಿಲ್ಲ. ಕಾದು ನೋಡಿ ಬೆಂಗಳೂರು ಗೆದ್ದಿತೆಂದು ಘೋಷಿಸಲಾಯಿತು.

ಈ ಜಗಳದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡು ಕೂತಿವೆ. ಗೋಲು ನ್ಯಾಯವೇ ಎನ್ನುವುದು ಒಂದು. ಹೊರನಡೆದದ್ದಕ್ಕೆ ಕೊಟ್ಟ ಶಿಕ್ಷೆ ನ್ಯಾಯವೇ ಎನ್ನುವುದು ಇನ್ನೊಂದು. ಅಭಿಮಾನಿಗಳು ಸಾಮಾನ್ಯವಾಗಿ ಒಂದರ ಉತ್ತರವನ್ನು ಇನ್ನೊಂದಕ್ಕೆ ಅಂಟಿಸುತ್ತಾರೆ. ಗೋಲು ಮೋಸವಾದ್ದರಿಂದ ಹೊರನಡೆದದ್ದು ಸರಿ ಎಂದು ಕೊಚ್ಚಿ ವಾದಿಸುತ್ತದೆ. ಹೊರನಡೆದದ್ದು ತಪ್ಪಾದ್ದರಿಂದ ಗೋಲಿನ ಬಗ್ಗೆ ಮಾತೇ ಬೇಡ ಎಂದು ಬೆಂಗಳೂರು ಬಾಯಿ ಮುಚ್ಚಿಸುತ್ತದೆ. ಬೇರೆ ಬೇರೆಯಾಗಿ ಬಿಡಿಸಿ ನೋಡುವುದು ಒಳ್ಳೆಯದು.

ಫುಟ್‌ಬಾಲಿಗೆ ಹದಿನೇಳು ನಿಯಮಗಳಿವೆ. ಹದಿಮೂರನೆಯದು ಫ್ರೀ ಕಿಕ್ಕಿನದು. ಚೆಂಡು ಅಲುಗಾಡದೆ ನಿಂತಿರಬೇಕು, ಒದೆಯುವ ತನಕ ಎದುರಾಳಿಗಳು 9.15 ಮೀಟರ್ ದೂರ ಇರಬೇಕು, ಅಂದರೆ ಹಳೆಯ ಲೆಕ್ಕದ ಹತ್ತು ಗಜ. ಈ ಹತ್ತು ಗಜ ಯಾರಿಗಾಗಿ ಇರುವುದು ಎಂಬುದನ್ನು ಗಮನಿಸಬೇಕು. ತಪ್ಪು ಮಾಡಿದ ತಂಡಕ್ಕಾಗಿ ಅಲ್ಲವೇ ಅಲ್ಲ, ತಪ್ಪಿನಿಂದ ನಷ್ಟವಾದ ತಂಡಕ್ಕಾಗಿ. ‘ಇವರನ್ನು ದೂರ ಸರಿಸಿ’ ಎಂದು ಕೇಳುವ ಅಧಿಕಾರ ಒದೆಯುವವನದು. ಬೇಡ, ಹೀಗೇ ಹೊಡೆಯುತ್ತೇನೆ ಎನ್ನುವ ಅಧಿಕಾರವೂ ಅವನದೇ. ಹಾಗೆ ಬೇಗ ಹೊಡೆದಾಗ ಹತ್ತಿರವಿದ್ದ ಎದುರಾಳಿಯ ಕಾಲಿಗೆ ಚೆಂಡು ಸಿಕ್ಕಿಬಿಟ್ಟರೆ ಆಟ ಮುಂದುವರಿಯುತ್ತದೆ, ಅವಸರ ಮಾಡಿದವನೇ ಅನುಭವಿಸಬೇಕು. ಆದರೆ ಬೇಗ ಹೊಡೆಯದಂತೆ ಎದುರಾಳಿ ಬೇಕೆಂದೇ ಅಡ್ಡ ನಿಂತರೆ ಅವನಿಗೆ ಹಳದಿ ಕಾರ್ಡು ತೋರಿಸಬೇಕು.

ಹಾಗಾದರೆ ಗೋಡೆ? ಟಿವಿಯಲ್ಲಿ ನೋಡಿ ನೋಡಿ ನಮಗೆ ಅದು ಫ್ರೀ ಕಿಕ್ಕಿನ ಅವಿಭಾಜ್ಯ ಅಂಗ ಎನಿಸಿದೆ. ನಾಲ್ಕೈದು ಜನ ಸಾಲಾಗಿ ನಿಲ್ಲುವುದು, ಗೋಲ್‌ಕೀಪರ್ ಕಂಬ ಹಿಡಿದು ‘ಎಡಕ್ಕೆ, ಇನ್ನೂ ಎಡಕ್ಕೆ’ ಎಂದು ಕಿರುಚುವುದು, ಒಬ್ಬ ಗೋಡೆಯ ಹಿಂದೆ ನೆಲದ ಮೇಲೆ ಮಲಗುವುದು. ಪುಸ್ತಕದಲ್ಲಿ ಇದಕ್ಕೆ ಕೊಟ್ಟಿರುವ ಜಾಗ ತೀರ ಕಡಿಮೆ. 2019ರ ತಿದ್ದುಪಡಿಯಲ್ಲಿ, ಮೂವರು ಅಥವಾ ಹೆಚ್ಚು ರಕ್ಷಕರ ಗೋಡೆ ಇದ್ದರೆ ದಾಳಿ ಮಾಡುವ ತಂಡದವರು ಅದರಿಂದ ಕನಿಷ್ಠ ಒಂದು ಮೀಟರ್ ದೂರ ಇರಬೇಕು ಎಂಬ ಸಾಲು ಸೇರಿತು. ಗೋಡೆಯೊಳಗೆ ತೂರಿಕೊಂಡು ತಳ್ಳಾಡುವುದನ್ನು ನಿಲ್ಲಿಸಲು ಅದು. ಗೋಡೆ ಕಟ್ಟಿ ಮುಗಿಯುವ ತನಕ ಕಾಯಬೇಕೆಂದು ಎಲ್ಲೂ ಹೇಳಿಲ್ಲ. ಫೌಲ್ ಮಾಡಿದವನೇ, ಆ ಫೌಲಿನಿಂದ ಆಟ ನಿಂತ ಹೊತ್ತನ್ನು ತನ್ನ ಕೋಟೆ ಭದ್ರಪಡಿಸಿಕೊಳ್ಳಲು ಬಳಸಬಹುದೆಂದರೆ ಫೌಲ್ ಮಾಡುವುದು ಲಾಭದ ಬಾಬತ್ತಾಗುತ್ತದೆ. ತಕ್ಷಣದ ಫ್ರೀ ಕಿಕ್ಕಿಗೆ ಅವಕಾಶ ಕೊಟ್ಟಿರುವುದು ಅದಕ್ಕಾಗಿಯೇ.

ಇಲ್ಲಿಗೆ ಬೆಂಗಳೂರಿನ ವಾದ ಗೆದ್ದಂತೆ ಕಾಣುತ್ತದೆ. ಆದರೆ ಅದೇ ಪುಸ್ತಕದಲ್ಲಿ ರೆಫರಿಗಳಿಗೆಂದು ಕೊಟ್ಟ ಮಾರ್ಗಸೂಚಿಯೂ ಒಂದಿದೆ. ಹೆಚ್ಚಿನ ಫ್ರೀ ಕಿಕ್ಕುಗಳಿಗೆ ವಿಸಲ್ ಬೇಕಿಲ್ಲ ಎಂದು ಅದು ಹೇಳುತ್ತದೆ. ಆದರೆ ರೆಫರಿ ಎದುರಾಳಿಗಳನ್ನು ದೂರ ಸರಿಸಿ ಅಳತೆ ಮಾಡುವ ಕೆಲಸಕ್ಕೆ ಇಳಿದಿದ್ದರೆ, ಅಥವಾ ಕಾರ್ಡು ತೋರಿಸಲು, ಗಾಯಾಳುವನ್ನು ನೋಡಲು, ಬದಲಿ ಆಟಗಾರನನ್ನು ಬಿಡಲು ಆಟ ನಿಂತಿದ್ದರೆ, ವಿಸಲ್ ಊದಿಯೇ ಮತ್ತೆ ಶುರುಮಾಡಬೇಕು. ಅಂದರೆ ಒಂದೇ ಫ್ರೀ ಕಿಕ್ಕಿಗೆ ಎರಡು ಅವತಾರ. ವಿಸಲ್ ಬೇಡದ್ದು ಒಂದು, ವಿಸಲ್‌ಗೆ ಕಾಯಲೇಬೇಕಾದದ್ದು ಇನ್ನೊಂದು. ಒಂದರಿಂದ ಇನ್ನೊಂದಕ್ಕೆ ದಾಟುವ ಗಳಿಗೆ ಯಾವುದು?

ಕೇರಳದ ಅಭಿಮಾನಿಗಳ ವಾದದ ಒಳ್ಳೆಯ ಭಾಗ ಇಲ್ಲಿದೆ. ಅವರಲ್ಲಿ ಎಲ್ಲರೂ ‘ಮೋಸ, ಮೋಸ’ ಎಂದು ಕೂಗುವವರಲ್ಲ. ಆಟ ಬಲ್ಲವರು ಹೇಳುವುದು ಹೀಗೆ: ಫೌಲ್ ಆದ ಕೂಡಲೇ ಹೊಡೆದಿದ್ದರೆ ನಮ್ಮ ತಕರಾರಿರಲಿಲ್ಲ. ಸಾಕಷ್ಟು ಹೊತ್ತು ಕಳೆದಿತ್ತು, ರೆಫರಿ ಅಲ್ಲೇ ನಿಂತು ಜಾಗ ಗುರುತು ಮಾಡುವ, ಆಟಗಾರರನ್ನು ಸರಿಸುವ ಕೆಲಸದಲ್ಲಿದ್ದಂತೆ ಕಂಡಿತು, ಹಾಗಿದ್ದ ಮೇಲೆ ವಿಸಲ್ ಬರುತ್ತದೆಂದು ನಂಬಿ ಗೋಲ್‌ಕೀಪರ್ ಕಂಬಕ್ಕೆ ಹೋದದ್ದರಲ್ಲಿ ತಪ್ಪೇನು? ಅದಕ್ಕೆ ಎದುರಾಗಿ ಛೆಟ್ರಿಯವರು ಪಂದ್ಯದ ನಂತರ ಹೇಳಿದ್ದು: ನನಗೆ ವಿಸಲ್ ಬೇಡ, ಗೋಡೆ ಸರಿಸುವುದೂ ಬೇಡ ಎಂದು ರೆಫರಿಗೆ ತಿಳಿಸಿದ್ದೆ, ಪಕ್ಕದಲ್ಲಿದ್ದ ಕೇರಳದ ಏಡ್ರಿಯನ್ ಲೂನಾ ಅದನ್ನು ಕೇಳಿಸಿಕೊಂಡಿದ್ದರು, ಅದಕ್ಕೇ ಮೊದಲ ಸಲ ಅಡ್ಡ ಬಂದರು.

ಈ ಮಾತು ನಿಜವೇ ಇರಲಿ. ಛೆಟ್ರಿ ಸುಳ್ಳು ಹೇಳುವ ಜಾಯಮಾನದವರಲ್ಲ ಎಂದು ನೀಲಿ ಅಂಗಿಯವರಷ್ಟೇ ನಾನೂ ನಂಬುತ್ತೇನೆ. ಆದರೂ ಪಂದ್ಯದ ಹಣೆಬರಹ ನಿಂತದ್ದು ಮೂರು ಜನರ ನಡುವೆ ಪಿಸುದನಿಯಲ್ಲಿ ನಡೆದ ಮಾತಿನ ಮೇಲೆ. ಇಪ್ಪತ್ತು ಗಜ ಆಚೆಯಿದ್ದ ಗೋಲ್‌ಕೀಪರ್‌ಗೆ ಅದು ಕೇಳಿಸಲಿಲ್ಲ. ಗ್ಯಾಲರಿಗೆ ಕೇಳಿಸಲಿಲ್ಲ. ಟಿವಿಗೂ ಕೇಳಿಸಲಿಲ್ಲ. ರೆಫರಿಯ ಕೈಸನ್ನೆಗಳ ಚಿತ್ರಪಟ ನಿಯಮ ಪುಸ್ತಕದಲ್ಲೇ ಇದೆ. ಇಂಡೈರೆಕ್ಟ್ ಫ್ರೀ ಕಿಕ್ಕಿಗೆ ಕೈ ಮೇಲೆತ್ತುವುದು, ಅಡ್ವಾಂಟೇಜ್‌ಗೆ ಕೈ ಮುಂದೆ ಚಾಚುವುದು, ಕಾರ್ನರ್, ಗೋಲ್ ಕಿಕ್, ವಿಎಆರ್‌ಗೆ (ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ವ್ಯವಸ್ಥೆ) ಗಾಳಿಯಲ್ಲಿ ಚೌಕ ಬರೆಯುವುದು. ‘ವಿಸಲ್ ತನಕ ಕಾಯಿರಿ’ ಎನ್ನುವುದಕ್ಕೆ ಅಲ್ಲಿ ಚಿತ್ರವಿಲ್ಲ. ಕೆಲವು ರೆಫರಿಗಳು ವಿಸಲನ್ನು ಎತ್ತಿ ಹಿಡಿದು ಬೆರಳಿಂದ ತೋರಿಸುತ್ತಾರೆ. ಒಳ್ಳೆಯ ರೂಢಿ, ಆದರೆ ರೂಢಿ ಅಷ್ಟೆ. ಕಂಠೀರವದ ಅನ್ಯಾಯ ಏನಾದರೂ ಇದ್ದರೆ ಅದು ಛೆಟ್ರಿಯ ಕಾಲಿನಲ್ಲಿ ಇರಲಿಲ್ಲ, ಈ ಖಾಲಿ ಜಾಗದಲ್ಲಿತ್ತು ಎಂದು ನನ್ನ ಎಣಿಕೆ.

ಇದು ನಮ್ಮಲ್ಲೇ ಮೊದಲು ನಡೆದದ್ದೂ ಅಲ್ಲ. 2004ರ ಡಿಸೆಂಬರ್‌ನಲ್ಲಿ ಲಂಡನ್ನಿನ ಹೈಬರಿಯಲ್ಲಿ ಆರ್ಸೆನಲ್ ತಂಡದ ತಿಯರಿ ಆನ್ರಿ ಚೆಲ್ಸಿ ಎದುರು ಹೀಗೆಯೇ ಹೊಡೆದರು. ಅವತ್ತಿನ ರೆಫರಿ ಗ್ರಹಾಂ ಪೋಲ್. ವಿಸಲ್‌ಗೆ ಕಾಯುತ್ತೀರಾ, ಈಗಲೇ ಹೊಡೆಯುತ್ತೀರಾ ಎಂದು ಅವರು ಕೇಳಿದ್ದರು, ಆನ್ರಿ ಈಗಲೇ ಎಂದಿದ್ದರು. ಚೆಲ್ಸಿ ಗೋಲ್‌ಕೀಪರ್ ಪೆತ್ರ್ ಚೆಕ್ ಕೂಡ ಗೋಡೆ ಜೋಡಿಸುತ್ತಲೇ ಇದ್ದರು. ಕೋಚ್ ಜೋಸೆ ಮೊರಿನ್ಯೊ ಕೆಂಡವಾದರು. ಆದರೆ ಅವರ ಹುಡುಗರು ಆಟ ಮುಂದುವರಿಸಿದರು, ಪಂದ್ಯ 2–2ರಲ್ಲಿ ಮುಗಿಯಿತು. 2007ರ ಫೆಬ್ರುವರಿಯಲ್ಲಿ ಚಾಂಪಿಯನ್ಸ್ ಲೀಗಿನ ಪಂದ್ಯದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ರಯಾನ್ ಗಿಗ್ಸ್ ಫ್ರಾನ್ಸಿನ ಲಿಲ್ ತಂಡದ ಮೇಲೆ ಇದನ್ನೇ ಮಾಡಿದರು. ಲಿಲ್ ಆಟಗಾರರು ಸಿಟ್ಟಿನಿಂದ ಅಂಚುಗೆರೆಯ ಕಡೆಗೆ ನಡೆದೇಬಿಟ್ಟರು, ಪಂದ್ಯ ನಿಂತೇಹೋಯಿತೇನೋ ಎನಿಸಿತು. ಆದರೂ ಮರಳಿ ಬಂದು ಆಡಿದರು, 0–1ರಿಂದ ಸೋತರು. ದೂರು ಕೊಟ್ಟರು. ಯುರೋಪಿನ ಫುಟ್‌ಬಾಲ್ ಒಕ್ಕೂಟ ಅದನ್ನು ತಳ್ಳಿಹಾಕಿತು. ಮೂರು ದೇಶ, ಮೂರು ರೆಫರಿಗಳು, ತೀರ್ಪು ಮಾತ್ರ ಒಂದೇ. ಹೀಗಾಗಿ ಗೋಲಿನ ಮಟ್ಟಿಗೆ ಕ್ರಿಸ್ಟಲ್ ಜಾನ್ ಅವರನ್ನು ಒಂಟಿಯಾಗಿ ಕಟಕಟೆಗೆ ನಿಲ್ಲಿಸುವುದು ಸರಿಯಲ್ಲ.

ಕ್ರಿಕೆಟ್ಟಿನವರು ಇಂಥದ್ದೇ ಒಂದು ಗೊಂದಲವನ್ನು ತಡವಾಗಿಯಾದರೂ ಬಗೆಹರಿಸಿಕೊಂಡರು. ಬೌಲರ್ ಕೈಬಿಡುವ ಮುಂಚೆ ಗೆರೆ ಬಿಟ್ಟು ಓಡಿದ ಬ್ಯಾಟರ್‌ನನ್ನು ರನ್ ಔಟ್ ಮಾಡುವುದು 1947ರಿಂದಲೂ ವಿನೂ ಮಂಕಡ್ ಹೆಸರಿಗೆ ಅಂಟಿದ ಕಳಂಕವಾಗಿತ್ತು. ನಿಯಮದಲ್ಲಿ ಅವಕಾಶವಿದ್ದರೂ ಅದು ಕೂತಿದ್ದದ್ದು ‘ಅನ್ಯಾಯದ ಆಟ’ ಎಂಬ ಅಧ್ಯಾಯದಲ್ಲಿ. 2022ರಲ್ಲಿ ಕ್ರಿಕೆಟ್ ನಿಯಮಗಳನ್ನು ಬರೆಯುವ ಎಂಸಿಸಿ ಅದನ್ನು ಅಲ್ಲಿಂದ ಎತ್ತಿ ಮಾಮೂಲಿ ರನ್ ಔಟ್ ಅಧ್ಯಾಯಕ್ಕೆ ಸೇರಿಸಿತು. ಜಗಳ ಪೂರ್ತಿ ನಿಂತಿಲ್ಲ, ನಿಜ. ಆದರೆ ಔಟ್ ಮಾಡಿದವನು ಈಗ ತಲೆ ತಗ್ಗಿಸಬೇಕಾಗಿಲ್ಲ.

ವಿಎಆರ್ ಇದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು ಎನ್ನುವವರು ಎರಡೂ ಕಡೆ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡು, ಒಬ್ಬನ ಬದಲು ಇನ್ನೊಬ್ಬನಿಗೆ ಕಾರ್ಡು ಕೊಟ್ಟದ್ದು, ಈ ನಾಲ್ಕಕ್ಕೆ ಸಂಬಂಧಪಟ್ಟ ಸ್ಪಷ್ಟ ತಪ್ಪುಗಳನ್ನು ಹಿಡಿಯಲು ಇರುವ ವ್ಯವಸ್ಥೆ ಅದು. ಚೆಂಡು ಗೆರೆ ದಾಟಿತೇ, ಆಫ್‌ಸೈಡ್ ಇತ್ತೇ ಎಂದು ಕ್ಯಾಮೆರಾ ಹೇಳಬಲ್ಲದು. ರೆಫರಿ ಮನಸ್ಸಿನಲ್ಲಿ ಅದು ವಿಸಲ್ ಫ್ರೀ ಕಿಕ್ಕಾಗಿತ್ತೇ ಅಲ್ಲವೇ ಎಂದು ಯಾವ ಕ್ಯಾಮೆರಾ ಹೇಳೀತು?

ಆದರೂ ವಿಎಆರ್ ಕೂಗಿಗೆ ಒಂದು ತಮಾಷೆಯ ಬಾಲವಿದೆ. ಬೆಂಗಳೂರು ಸೆಮಿಫೈನಲ್‌ನಲ್ಲಿ ಮುಂಬೈ ಸಿಟಿಯನ್ನು ಪೆನಾಲ್ಟಿ ಶೂಟೌಟ್‌ನಲ್ಲಿ 9–8ರಿಂದ ದಾಟಿ ಫೈನಲ್ ತಲುಪಿತು. ಮಾರ್ಚ್ 18ರಂದು ಗೋವಾದಲ್ಲಿ ಎಟಿಕೆ ಮೋಹನ್ ಬಾಗನ್ ಎದುರು 2–2, ಮತ್ತೆ ಶೂಟೌಟ್, ಈ ಸಲ ಸೋಲು. ಅಂದು ಬೆಂಗಳೂರಿನ ವಿರುದ್ಧ ಹೋದ ಪೆನಾಲ್ಟಿ ತೀರ್ಮಾನಗಳ ಬಗ್ಗೆ ಕ್ಲಬ್‌ನ ಮಾಲೀಕ ಪಾರ್ಥ್ ಜಿಂದಾಲ್ ಟ್ವಿಟರ್‌ನಲ್ಲಿ ಬಹಿರಂಗವಾಗಿಯೇ ಸಿಡಿಮಿಡಿಗೊಂಡು, ಲೀಗಿಗೆ ವಿಎಆರ್ ಬೇಕೇಬೇಕು ಎಂದರು. ‘ರೆಫರಿ ಹೇಳಿದ್ದೇ ಅಂತಿಮ’ ಎಂದು ಹದಿನೈದು ದಿನ ಕೇರಳದವರಿಗೆ ಪಾಠ ಹೇಳಿದ್ದ ನಾವೆಲ್ಲ ಆ ರಾತ್ರಿ ಪಾಠ ಮರೆತು ರೆಫರಿಗೆ ಶಾಪ ಹಾಕಿದೆವು. ಕೊಚ್ಚಿಯ ಹುಡುಗರು ನಕ್ಕಿದ್ದರೆ ಆಶ್ಚರ್ಯವಿಲ್ಲ.

ಇನ್ನು ಎರಡನೆಯ ಪ್ರಶ್ನೆ, ಹೊರನಡೆದದ್ದು.

ಇಲ್ಲಿ ನನ್ನ ಅನುಮಾನ ಕಡಿಮೆ. ನಿಯಮದ ಪ್ರಕಾರ ಗೋಲು ಆಯಿತೋ ಇಲ್ಲವೋ ಎಂಬಂಥ ಆಟದ ಸಂಗತಿಗಳಲ್ಲಿ ರೆಫರಿಯ ತೀರ್ಮಾನವೇ ಕೊನೆ. ಪಂದ್ಯವನ್ನು ಮತ್ತೆ ಆಡಿಸಬೇಕೆಂಬ ಕೇರಳದ ಮನವಿಯನ್ನು ಭಾರತದ ಫುಟ್‌ಬಾಲ್ ಒಕ್ಕೂಟದ, ವೈಭವ್ ಗಗ್ಗರ್ ನೇತೃತ್ವದ ಶಿಸ್ತು ಸಮಿತಿ ತಳ್ಳಿಹಾಕಿದ್ದು ಇದೇ ಕಾರಣಕ್ಕೆ. ಅಷ್ಟೇ ಅಲ್ಲ, ಹೆಚ್ಚುವರಿ ಆಟದಲ್ಲಿ ಇನ್ನೂ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಬಾಕಿಯಿತ್ತು. ಒಂದು ಗೋಲು ತೀರಿಸಲಾಗದ ಸಾಲವೇನೂ ಆಗಿರಲಿಲ್ಲ.

ಆಸ್ಟ್ರೇಲಿಯಾ ಎದುರಿನ 1981ರ ಮೆಲ್ಬರ್ನ್ ಕ್ರಿಕೆಟ್ ಟೆಸ್ಟನ್ನು ಇಲ್ಲಿ ನೆನೆಯದೆ ಇರಲಾಗದು. 70 ರನ್ ಹೊಡೆದಿದ್ದ ನಾಯಕ ಸುನಿಲ್ ಗಾವಸ್ಕರ್‌ಗೆ ಡೆನಿಸ್ ಲಿಲ್ಲಿ ಎಸೆತದಲ್ಲಿ ಎಲ್‌ಬಿಡಬ್ಲ್ಯು ಕೊಟ್ಟರು. ಚೆಂಡು ಬ್ಯಾಟಿಗೆ ತಗುಲಿತ್ತು ಎಂಬ ಕೋಪದಲ್ಲಿ ಗಾವಸ್ಕರ್ ಜೊತೆಗಾರ ಚೇತನ್ ಚೌಹಾಣ್‌ರನ್ನೂ ಎಳೆದುಕೊಂಡು ಹೊರಟರು. ಬೌಂಡರಿ ಗೆರೆಯ ಹತ್ತಿರ ತಂಡದ ಮ್ಯಾನೇಜರ್ ವಿಂಗ್ ಕಮಾಂಡರ್ ದುರಾನಿ ಎದುರು ಬಂದು ಚೌಹಾಣ್‌ರನ್ನು ಅಲ್ಲೇ ತಡೆದು ವಾಪಸು ಕಳಿಸಿದರು. ಗೆರೆ ದಾಟಿದ್ದರೆ ಪಂದ್ಯ ಕೈಬಿಟ್ಟಂತೆ ಆಗುತ್ತಿತ್ತು. ದಾಟಲಿಲ್ಲವಾದ್ದರಿಂದ ಏನಾಯಿತೆಂದರೆ, 143 ರನ್ ಬೆನ್ನಟ್ಟಿದ ಆಸ್ಟ್ರೇಲಿಯಾ 83ಕ್ಕೆ ಮಗುಚಿಕೊಂಡಿತು. ಕಪಿಲ್ ದೇವ್ 28 ರನ್ನಿಗೆ ಐವರನ್ನು ಕೆಡವಿದರು. ಮೊದಲ ಇನಿಂಗ್ಸ್‌ನಲ್ಲಿ ನಮ್ಮ ವಿಶಿ (ಜಿ.ಆರ್. ವಿಶ್ವನಾಥ್) ಹೊಡೆದಿದ್ದ 114, ಆ ಮ್ಯಾನೇಜರ್ ಹೆಜ್ಜೆ ಒಂದು ನಿಮಿಷ ತಡವಾಗಿದ್ದರೆ, ನೀರಿನಲ್ಲಿ ಹೋಮ ಮಾಡಿದಂತಾಗುತ್ತಿತ್ತು. ಗಾವಸ್ಕರ್ ಆಮೇಲೆ ತಮ್ಮ ನಡೆಗೆ ಪಶ್ಚಾತ್ತಾಪ ವ್ಯಕ್ತಪಡಿಸಿದರು. ಕಂಠೀರವದಲ್ಲಿ ವುಕೊಮಾನೊವಿಚ್‌ರನ್ನು ಗೆರೆಯ ಬಳಿ ತಡೆಯುವ ದುರಾನಿ ಯಾರೂ ಇರಲಿಲ್ಲ.

ಹೊರನಡೆಯುವುದೆಲ್ಲ ತಪ್ಪು ಎಂದೂ ಅಲ್ಲ. 2020ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಪಿಎಸ್‌ಜಿ ಮತ್ತು ಇಸ್ತಾನ್‌ಬುಲ್‌ನ ಬಷಕ್‌ಷೆಹಿರ್ ತಂಡಗಳು ಎರಡೂ ಒಟ್ಟಿಗೆ ಮೈದಾನ ಬಿಟ್ಟವು. ಪಂದ್ಯದ ಅಧಿಕಾರಿಯೊಬ್ಬರು ಸಹಾಯಕ ಕೋಚ್ ಪಿಯೆರ್ ವೆಬೊ ಅವರನ್ನು ಮೈಬಣ್ಣದಿಂದ ಗುರುತಿಸಿ ಮಾತಾಡಿದರೆಂಬುದು ಕಾರಣ. ಮರುದಿನ ಬೇರೆ ಅಧಿಕಾರಿಗಳನ್ನಿಟ್ಟು ಆಟ ಮುಂದುವರಿಸಲಾಯಿತು. ಅಲ್ಲಿ ಮನುಷ್ಯನ ಮಾನದ ಪ್ರಶ್ನೆ ಇತ್ತು. ಫ್ರೀ ಕಿಕ್ಕಿನ ತಕರಾರನ್ನು ಆ ಸಾಲಿಗೆ ಸೇರಿಸಲು ನನಗಂತೂ ಮನಸ್ಸು ಬಾರದು.

2023ರ ಮಾರ್ಚ್ 31ರಂದು ಕೇರಳದವರಿಗೆ ಶಿಕ್ಷೆ ಹೊರಬಿತ್ತು. ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ, ಜೊತೆಗೆ ಬಹಿರಂಗ ಕ್ಷಮಾಪಣೆ. ಕ್ಷಮೆ ಕೇಳದಿದ್ದರೆ ದಂಡ 6 ಕೋಟಿ. ಕೋಚ್‌ಗೆ ಹತ್ತು ಪಂದ್ಯ ನಿಷೇಧ, 5 ಲಕ್ಷ ದಂಡ, ಕ್ಷಮೆ ಕೇಳದಿದ್ದರೆ 10 ಲಕ್ಷ. ಕ್ಲಬ್ಬೂ ಕೋಚೂ ಒಂದೆರಡು ದಿನದಲ್ಲೇ ಕ್ಷಮೆ ಕೇಳಿದರು. ಮೇಲ್ಮನವಿಯೂ ಹೋಯಿತು, ಬಿದ್ದೂಹೋಯಿತು.

ಕ್ಷಮೆಗೆ ಎರಡು ಕೋಟಿ ಬೆಲೆ ಕಟ್ಟಿದ ಈ ಏರ್ಪಾಡು ನನಗೆ ಸೇರಲಿಲ್ಲ. ಎರಡು ಕೋಟಿ ಉಳಿಸಿಕೊಳ್ಳಲು ಕೇಳಿದ ಕ್ಷಮೆಯನ್ನು ಯಾವ ಅಭಿಮಾನಿ ನಂಬುತ್ತಾನೆ? ಕೇರಳದವರು ಅದನ್ನು ಬಲವಂತದ ಮಾತೆಂದರು, ಬೆಂಗಳೂರಿನವರು ಬಾಯಿಮಾತೆಂದರು.

ಹತ್ತು ಪಂದ್ಯಗಳ ಲೆಕ್ಕ ಇನ್ನೂ ಸ್ವಾರಸ್ಯದ್ದು. ನಿಷೇಧ ಒಕ್ಕೂಟದ ಎಲ್ಲ ಟೂರ್ನಿಗಳಿಗೂ ಅನ್ವಯವಾಗುವಂಥದ್ದು. ಏಪ್ರಿಲ್‌ನ ಸೂಪರ್ ಕಪ್‌ನಲ್ಲಿ ಕೇರಳ ಆಡಿದ್ದು ಗುಂಪಿನ ಮೂರು ಪಂದ್ಯ. ಆಗಸ್ಟಿನ ಡ್ಯುರಾಂಡ್ ಕಪ್‌ನಲ್ಲಿ ಇನ್ನು ಮೂರು. ಅಲ್ಲಿಗೆ ಆರು ಕಳೆಯಿತು. ಮುಂದಿನ ಐಎಸ್‌ಎಲ್‌ನಲ್ಲಿ ವುಕೊಮಾನೊವಿಚ್ ಕಳೆದುಕೊಂಡದ್ದು ಮೊದಲ ನಾಲ್ಕು ಪಂದ್ಯಗಳನ್ನು ಮಾತ್ರ. ಅಷ್ಟು ದಿನ ಸಹಾಯಕ ಕೋಚ್ ಫ್ರಾಂಕ್ ಡಾವನ್ ತಂಡ ನಡೆಸಿಕೊಂಡು ಹೋದರು. ಅಕ್ಟೋಬರ್ 27ರಂದು ಒಡಿಶಾ ಎದುರಿನ ಪಂದ್ಯಕ್ಕೆ ‘ಆಶಾನ್’, ಅಂದರೆ ಅಭಿಮಾನಿಗಳ ಬಾಯಲ್ಲಿ ಗುರು ಎನಿಸಿದ ವುಕೊಮಾನೊವಿಚ್, ಕೊಚ್ಚಿಗೆ ಮರಳಿದಾಗ ಕೇರಳದ ಅಭಿಮಾನಿಗಳ ಮಂಜಪ್ಪಡ ಬಳಗ ಹಬ್ಬವನ್ನೇ ಮಾಡಿತು. ತಂಡ 2–1ರಿಂದ ಗೆದ್ದಿತು. ಲೀಗ್ ಪಂದ್ಯದಲ್ಲಿ ಮಾಡಿದ ತಪ್ಪಿನ ಶಿಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ ಟೂರ್ನಿಗಳಲ್ಲಿ ಕರಗಿತು. ಯುವ ಆಟಗಾರರನ್ನು ಇಳಿಸಿ ನೋಡುವ ಡ್ಯುರಾಂಡ್ ಪಂದ್ಯಕ್ಕೂ ಕಿಕ್ಕಿರಿದ ಕೊಚ್ಚಿಯ ಕಲೂರು ಕ್ರೀಡಾಂಗಣದ ಲೀಗ್ ಪಂದ್ಯಕ್ಕೂ ಒಂದೇ ತೂಕ. ಬೆಂಗಳೂರಿನ ಅಭಿಮಾನಿ ‘ಹತ್ತು ಪಂದ್ಯ ಎಂದು ಹೇಳಿ ನಾಲ್ಕಕ್ಕೆ ಬಿಟ್ಟರು’ ಎಂದು ಗೊಣಗಿದರೆ ಅದರಲ್ಲಿ ಹುರುಳಿಲ್ಲದಿಲ್ಲ. ಹಾಗೆಯೇ ಕೋಚ್ ಕರೆದ ಕಾರಣಕ್ಕೆ ಹೊರಗೆ ಬಂದ ಆಟಗಾರರಿಗೆ ಏನೂ ಆಗಲಿಲ್ಲ. ನನಗೆ ಅದು ಸರಿಯೆನಿಸುತ್ತದೆ. ಸಂಬಳ ಕೊಡುವವರ ಮಾತು ಮೀರಿ ಇಪ್ಪತ್ತೆರಡು ವರ್ಷದ ಹುಡುಗ ಒಬ್ಬನೇ ಮೈದಾನದಲ್ಲಿ ನಿಲ್ಲಲಿ ಎಂದು ನಿರೀಕ್ಷಿಸುವುದು ಅತಿಯಾಯಿತು.

ಶಿಕ್ಷೆ ಹೆಚ್ಚೋ ಕಡಿಮೆಯೋ ಎಂದು ತೂಗಲು ಹಿಂದಿನ ಪ್ರಕರಣಗಳನ್ನು ನೋಡಬೇಕು. ನೋಡಿದರೆ ತಕ್ಕಡಿಯೇ ಅಲುಗಾಡುತ್ತದೆ.

2012ರ ಡಿಸೆಂಬರ್ 9, ಕೋಲ್ಕತ್ತದ ಸಾಲ್ಟ್ ಲೇಕ್. ಈಸ್ಟ್ ಬೆಂಗಾಲ್ ಒಂದು ಗೋಲು ಮುಂದಿತ್ತು. ಮೋಹನ್ ಬಾಗನ್‌ನ ಒಡಾಫಾಗೆ ಕೆಂಪು ಕಾರ್ಡು ಬಿತ್ತು. ಗ್ಯಾಲರಿಯಿಂದ ಬಂದ ಕಲ್ಲು ಅದೇ ತಂಡದ ರಹೀಂ ನಬಿಯ ಮುಖಕ್ಕೆ ಬಡಿಯಿತು. ದ್ವಿತೀಯಾರ್ಧಕ್ಕೆ ಮೋಹನ್ ಬಾಗನ್ ಮೈದಾನಕ್ಕೆ ಇಳಿಯಲಿಲ್ಲ. ಆಗಿನ ದೇಶದ ಮುಖ್ಯ ಲೀಗ್ ಆಗಿದ್ದ ಐ-ಲೀಗ್‌ನಿಂದ ಎರಡು ವರ್ಷ ನಿಷೇಧ ಎಂದು ಒಕ್ಕೂಟ ಆ ತಿಂಗಳ ಕೊನೆಗೆ ಪ್ರಕಟಿಸಿತು. ನೂರು ವರ್ಷ ದಾಟಿದ ಕ್ಲಬ್, ಲಕ್ಷಾಂತರ ಅಭಿಮಾನಿಗಳು, ಪ್ರಾಯೋಜಕರು. ಜನವರಿ ಮಧ್ಯಕ್ಕೆ ನಿಷೇಧ ಹೋಯಿತು. 2 ಕೋಟಿ ದಂಡ ಕಟ್ಟಿ, ಅಲ್ಲಿಯ ತನಕ ಗಳಿಸಿದ್ದ ಅಂಕಗಳನ್ನೆಲ್ಲ ಬಿಟ್ಟುಕೊಟ್ಟು, ಸೊನ್ನೆಯಿಂದ ಶುರುಮಾಡಿ ಎಂದಾಯಿತು. (ಅಂದು ಈಸ್ಟ್ ಬೆಂಗಾಲ್ ಪರ ಗೋಲು ಹೊಡೆದ ಹರ್ಮನ್‌ಜೋತ್ ಖಾಬ್ರಾ ಮುಂದೆ ಬೆಂಗಳೂರಿಗೆ ಆಡಿ, 2023ರ ಹೊತ್ತಿಗೆ ಕೇರಳ ತಂಡ ಸೇರಿದ್ದರು. ಇಂಥ ಜಗಳಗಳೂ ಆಟಗಾರರ ಜೊತೆ ಊರೂರು ಅಲೆಯುತ್ತವೋ ಏನೋ.)

2015ರ ಐಎಸ್‌ಎಲ್ ಫೈನಲ್‌ನಲ್ಲಿ ಚೆನ್ನೈಯಿನ್ ಎದುರು 2–3ರಿಂದ ಸೋತ ಎಫ್‌ಸಿ ಗೋವಾ ಬಹುಮಾನ ಸಮಾರಂಭಕ್ಕೆ ಬೆನ್ನು ತಿರುಗಿಸಿತು. ಆಮೇಲೆ ಬಂದ ತೀರ್ಪು 11 ಕೋಟಿ ದಂಡ, ಮುಂದಿನ ಸೀಸನ್‌ಗೆ 15 ಅಂಕ ಕಡಿತ. ಮೇಲ್ಮನವಿಯಲ್ಲಿ ಅಂಕ ಕಡಿತ ರದ್ದಾಯಿತು, ದಂಡವೂ ಇಳಿಯಿತು. ಒಂದು ಪಂದ್ಯದ ಅರ್ಧ ಆಟ ಬಿಟ್ಟವರಿಗೆ 2 ಕೋಟಿ, ಪಂದ್ಯ ಪೂರ್ತಿ ಆಡಿ ಸಮಾರಂಭ ಬಿಟ್ಟವರಿಗೆ ಮೊದಲು 11 ಕೋಟಿ, ನಾಕೌಟ್ ಪಂದ್ಯ ಬಿಟ್ಟವರಿಗೆ 4 ಕೋಟಿ. ಈ ಮೂರು ಅಂಕಿಗಳನ್ನು ಒಂದೇ ಸಾಲಿನಲ್ಲಿ ಬರೆದರೆ ನಡುವೆ ಯಾವ ಸೂತ್ರವೂ ಕಾಣುವುದಿಲ್ಲ. ಮೊದಲು ದೊಡ್ಡ ಶಿಕ್ಷೆ ಸಾರುವುದು, ಆಮೇಲೆ ಗದ್ದಲ ನೋಡಿಕೊಂಡು ಇಳಿಸುವುದು ರೂಢಿಯಾದರೆ ಶಿಸ್ತು ಸಮಿತಿಯ ಮೇಜು ಕೆ.ಆರ್. ಮಾರ್ಕೆಟ್ಟಿನ ಸೊಪ್ಪಿನ ಅಂಗಡಿಯಾಗುತ್ತದೆ, ಹೇಳಿದ ಬೆಲೆಯನ್ನು ಯಾರೂ ನಂಬುವುದಿಲ್ಲ. 2023ರಲ್ಲಿ ಒಂದು ಸುಧಾರಣೆಯಂತೂ ಆಯಿತು. ಮೊದಲೇ ಹಿಡಿತದ ಶಿಕ್ಷೆ ಕೊಟ್ಟು ಮೇಲ್ಮನವಿಯಲ್ಲೂ ಅದನ್ನೇ ಉಳಿಸಿಕೊಂಡರು. ಆದರೆ ಕೇರಳಕ್ಕೆ ಅಷ್ಟು ದೊಡ್ಡ ಅಭಿಮಾನಿ ಬಳಗ ಇಲ್ಲದಿದ್ದರೆ ಲೀಗ್‌ನಿಂದಲೇ ಹೊರಹಾಕುವ ಮಾತು ಬರುತ್ತಿರಲಿಲ್ಲವೇ ಎಂಬ ಬೆಂಗಳೂರಿನ ಸಂಶಯಕ್ಕೆ, ಸೂತ್ರ ಬರೆದಿಡದ ತನಕ, ಉತ್ತರ ಕೊಡಲಾಗದು.

ಲೀಗಿನ ಪದ್ಧತಿಯ ಮೇಲೂ ಸ್ವಲ್ಪ ಹೊಣೆ ಬೀಳಬೇಕು. ಇಪ್ಪತ್ತು ಪಂದ್ಯ ಆಡಿ ಗಳಿಸಿದ್ದನ್ನೆಲ್ಲ ಒಂದೇ ರಾತ್ರಿಯ ಮೇಲೆ ಪಣಕ್ಕಿಡುವ ಏರ್ಪಾಡಾಗಿತ್ತು ಅದು. ಆ ವರ್ಷ 46 ಅಂಕ ಪಡೆದು ಅಗ್ರಸ್ಥಾನದಲ್ಲಿದ್ದ ಮುಂಬೈಗೆ ಸಿಕ್ಕಿದ್ದು ಲೀಗ್ ಶೀಲ್ಡ್. ಚಾಂಪಿಯನ್ ಎನಿಸಿಕೊಂಡದ್ದು ಪಟ್ಟಿಯಲ್ಲಿ ಮೂರನೆಯದಾಗಿದ್ದ ಮೋಹನ್ ಬಾಗನ್. ಯುರೋಪಿನ ದೊಡ್ಡ ಲೀಗುಗಳಲ್ಲಿ ಒಂದು ಕೆಟ್ಟ ತೀರ್ಮಾನ ಮೂವತ್ತಕ್ಕೂ ಹೆಚ್ಚು ಪಂದ್ಯಗಳಲ್ಲಿ ಒಂದನ್ನು ಕೆಡಿಸುತ್ತದೆ, ಇಲ್ಲಿ ಇಡೀ ವರ್ಷವನ್ನು ನುಂಗುತ್ತಿತ್ತು. ಸಿಟ್ಟು ಅಷ್ಟು ಬೇಗ ನೆತ್ತಿಗೇರಲು ಅದೂ ಒಂದು ಕಾರಣ. ಹಾಗೆಂದು ಪ್ಲೇಆಫ್ ಬೇಡವೆನ್ನಲು ನನಗೆ ಮನಸ್ಸಿಲ್ಲ. ಕೊನೆಯ ಎಂಟು ಲೀಗ್ ಪಂದ್ಯ ಸತತವಾಗಿ ಗೆದ್ದು ಮೇಲೆ ಬಂದ ಬೆಂಗಳೂರಿಗೆ ಆ ಬಾಗಿಲು ತೆರೆದದ್ದೇ ಪ್ಲೇಆಫ್.

ಈ ಗದ್ದಲದಲ್ಲಿ ಕನ್ನಡಿಗರು ಕಳೆದುಕೊಂಡದ್ದು ಇನ್ನೊಂದಿದೆ. ಛೆಟ್ರಿ ಗೋಲಿನ ಮರುದಿನ, ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 1968–69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಗೆದ್ದ ಮೇಲೆ ಐವತ್ತನಾಲ್ಕು ವರ್ಷಕ್ಕೆ ಬಂದ ಕಪ್ ಅದು. ನಾವು ಮಾತ್ರ ಮೊಬೈಲ್ ಹಿಡಿದು ಕ್ರಿಸ್ಟಲ್ ಜಾನ್ ಕೈ ಎತ್ತ ತೋರಿಸಿತು ಎಂದು ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದೆವು.

2023ರ ಸೆಪ್ಟೆಂಬರ್ 21ರಂದು ಹೊಸ ಸೀಸನ್ನಿನ ಮೊದಲ ಪಂದ್ಯಕ್ಕೆ ಲೀಗಿನವರು ಆರಿಸಿದ್ದು ಕೊಚ್ಚಿಯಲ್ಲಿ ಕೇರಳ–ಬೆಂಗಳೂರು ಹಣಾಹಣಿಯನ್ನು. ಟಿಕೆಟ್ ಮಾರುವವರಿಗೆ ಜಗಳದ ಬೆಲೆ ಗೊತ್ತಿರುತ್ತದೆ. ವುಕೊಮಾನೊವಿಚ್ ನಿಷೇಧದಲ್ಲಿದ್ದರು. ಛೆಟ್ರಿ ಏಷ್ಯನ್ ಗೇಮ್ಸ್‌ಗೆಂದು ಚೀನಾದ ಹಾಂಗ್‌ಝೌನಲ್ಲಿದ್ದು, ಅದೇ ದಿನ ಬಾಂಗ್ಲಾದೇಶದ ಎದುರು ಪೆನಾಲ್ಟಿ ಹೊಡೆದು ಭಾರತವನ್ನು ಗೆಲ್ಲಿಸಿದರು. ಕೇರಳ 2–1ರಿಂದ ಗೆದ್ದಿತು. ‘ಲೆಕ್ಕ ಚುಕ್ತಾ’ ಎಂದರು ಹಳದಿ ಅಂಗಿಯವರು. ಲೀಗ್ ಪಂದ್ಯಕ್ಕೂ ನಾಕೌಟಿಗೂ ಎಲ್ಲಿಂದೆಲ್ಲಿಯ ಲೆಕ್ಕ ಎಂದರು ನೀಲಿ ಅಂಗಿಯವರು. ಆ ಫ್ರೀ ಕಿಕ್ಕಿಗೆ ವಿಸಲ್ ಬೇಕಿತ್ತೇ ಎಂಬಲ್ಲಿಗೆ ಮಾತು ಮತ್ತೆ ಬಂತು.